ಅಭಿಮನ್ಯುವಿನ ಮುಖ ಎಲ್ಲಿ?

(ಸಾಗರದ ಕಡೆಯ ಒಂದು ಮನೆ ಬಳಗದ ವಾಟ್ಸಾಪ್ ಗುಂಪು)

ಪೃಥ್ವಿ: ದೀಪೋತ್ಸವದ ಯಕ್ಷಗಾನ ಆಟದ ಫೋಟೊ ಹಾಕಿದ್ದೇನೆ. ವಿನಾಯಕ ಭಾವ ಅಭಿಮನ್ಯು ವೇಷದಲ್ಲಿ ಮಂಡಿ ಹಾಕುವಾಗ, ಅಂದರೆ ಮಂಡಿಯೂರಿ ಗಿರಗಿರ ಸುತ್ತುವಾಗ, ತೆಗೆದದ್ದು. ದೊಡ್ಡದು ಮಾಡಿಸಿ ಜಗಲಿಗೆ ಹಾಕೋಣ್ವಾ?

ಸುಮತ್ತೆ: ಅಪ್ಪಿ, ಇದ್ಯಾಕೆ ಹೀಗೆ ಕಲಸಿ ಹೋಗಿದೆ? ಕೈ ನಡುಗಿತಾ?

ಗಣಪಣ್ಣ: ಅತ್ತೆ, ನಮ್ಮೂರ ನೆಟ್‌ವರ್ಕ್‌ಗೆ ಇನ್ನೂ ಪೂರ್ತಿ ಇಳಿದಿಲ್ಲ ಅಂತ ನಾನು ಕಾಯ್ತಾ ಇದ್ದೆ 😀

ಪೃಥ್ವಿ: ಬೇಕಂತಲೇ ಹಾಗೆ ತೆಗೆದದ್ದು ಅತ್ತೆ.

ದೊಡ್ಡಪ್ಪ: ಈಗಿನವರು ಕೆಟ್ಟು ಹೋದದ್ದಕ್ಕೂ ಒಂದು ಹೆಸರು ಇಟ್ಟು ಬಿಡ್ತಾರೆ.

ಗಣಪಣ್ಣ: ಎಐ ಕೈವಾಡ ಇರಬೇಕು. ಮೊಬೈಲಲ್ಲಿ ಒಂದು ಬಟನ್ ಒತ್ತಿದರೆ ಈಗ ಎಲ್ಲ ಬರುತ್ತೆ.

ಪೃಥ್ವಿ: ಅಣ್ಣ, ಜೂಮ್ ಮಾಡಿ ನೋಡು, ಆಮೇಲೆ ಮಾತಾಡು. ಹಿಂದೆ ಕೂತು ಹಾಡುವ ಭಾಗವತರ ಕನ್ನಡಕದ ಅಂಚು ಸ್ಪಷ್ಟವಾಗಿದೆ. ಪರದೆಯ ನಿರಿಗೆಯೂ ಕಾಣುತ್ತೆ. ನನ್ನ ಕೈ ನಡುಗಿದ್ದರೆ ಅವೂ ಕಲಸಬೇಕಿತ್ತು ತಾನೇ? ಕ್ಯಾಮೆರಾ ಟ್ರೈಪಾಡ್ ಮೇಲಿತ್ತು. ಬೆಳಕು ಒಳಗೆ ಬಿಡುವ ಬಾಗಿಲು, ಅದೇ ಶಟರ್, ಅರ್ಧ ಸೆಕೆಂಡು ತೆರೆದಿಟ್ಟೆ. ಅಷ್ಟರಲ್ಲಿ ಏನೇನು ಅಲ್ಲಾಡಿತೋ ಅದು ಮಾತ್ರ ಹರಡಿದೆ: ಭಾವನ ಕಸೆ ಸೀರೆ, ಗೆಜ್ಜೆ, ಚಂಡೆಯವರ ಕೋಲು. ಶಟರ್ ಮುಚ್ಚುವ ಮುಂಚೆ ಒಂದು ಫ್ಲ್ಯಾಶ್ ಹೊಡೆದಿದೆ. ಅದು ಬೆಳಗುವುದು ಸೆಕೆಂಡಿನ ಸುಮಾರು ಸಾವಿರದಲ್ಲಿ ಒಂದು ಪಾಲು. ಹಾಗಾಗಿ ಬಲಗೈ, ಭುಜಕೀರ್ತಿ ಎರಡೂ ಕೆತ್ತಿಟ್ಟ ಹಾಗೆ ನಿಂತಿವೆ. ಫ್ಲ್ಯಾಶ್ ಮೊದಲೇ ಹೊಡೆದರೆ ಬಣ್ಣದ ಗೆರೆ ಮೈಯ ಮುಂದೆ ಬರುತ್ತೆ, ಆಳು ಹಿಂದಕ್ಕೆ ಸುತ್ತುತ್ತಿದ್ದಾನೆ ಅನ್ನಿಸುತ್ತೆ. ಕೊನೆಗೆ ಹೊಡೆದರೆ ಗೆರೆ ಹಿಂದೆ ಉಳಿಯುತ್ತೆ. ಕ್ಯಾಮೆರಾದಲ್ಲಿ ಇದಕ್ಕೆ ರಿಯರ್ ಕರ್ಟನ್ ಅಂತ ಒಂದು ಸೆಟ್ಟಿಂಗ್ ಇದೆ. ಎಐ ಹುಟ್ಟುವ ಎಷ್ಟೋ ಮೊದಲು, 1949ರಲ್ಲಿ, ಗ್ಯೋನ್ ಮಿಲಿ ಅನ್ನುವ ಛಾಯಾಗ್ರಾಹಕ ಪಿಕಾಸೊ ಕೈಗೆ ಸಣ್ಣ ಲೈಟು ಕೊಟ್ಟು, ಕತ್ತಲ ಕೋಣೆಯಲ್ಲಿ ಶಟರ್ ತೆರೆದಿಟ್ಟಿದ್ದ. ಪಿಕಾಸೊ ಗಾಳಿಯಲ್ಲಿ ಬರೆದ ಗೆರೆಗಳು ಹಾಗೇ ಫಿಲ್ಮಿನ ಮೇಲೆ ಉಳಿದವು.

ದೊಡ್ಡಪ್ಪ: ಇಷ್ಟುದ್ದ ಓದಲು ಕನ್ನಡಕ ಹುಡುಕಬೇಕಾಯಿತು. ಇರಲಿ. ಆಟ ನೋಡಿದವನಿಗೆ ಚೆಂದ. ನೋಡದವನಿಗೆ ಇದು ಏನು ಅಂತಲೇ ಗೊತ್ತಾಗಲ್ಲ.

ಪೃಥ್ವಿ: ದೊಡ್ಡಪ್ಪ, ನಿಮ್ಮ ನಡುಮನೆಯಲ್ಲಿ ಜೋಗದ ಫೋಟೊ ಇದೆಯಲ್ಲ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ನುಣ್ಣನೆ ಬಿಳಿ ಪಟ್ಟಿ. ಒಂದು ಹನಿಯೂ ಬಿಡಿಯಾಗಿ ಕಾಣಲ್ಲ. ಅದೂ ಶಟರ್ ತೆರೆದಿಟ್ಟು ತೆಗೆದದ್ದೇ. ಹಗಲಾದ್ದರಿಂದ ಲೆನ್ಸಿಗೆ ಕಪ್ಪು ಫಿಲ್ಟರ್ ಹಾಕಿರುತ್ತಾರೆ. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಆಗೋದು; ಆರು ಸ್ಟಾಪಿನದಾದರೆ ಬೆಳಕು 64ರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಅದನ್ನು ಬಂದವರಿಗೆಲ್ಲ ತೋರಿಸ್ತೀರಿ!

ದೊಡ್ಡಪ್ಪ: ನೀರಿಗೆ ಮುಖ ಇಲ್ಲ ಮಾರಾಯ.

ಸುಮತ್ತೆ: ಅದನ್ನೇ ನಾನೂ ಹೇಳೋದು. ವೇಷ ಕಟ್ಟುವ ಚೌಕಿಯಲ್ಲಿ ಕನ್ನಡಿ ಹಿಡಿದು ಕೂತು ಅವನು ಎಷ್ಟು ಹೊತ್ತು ಬಣ್ಣ ಬರೆದುಕೊಂಡ ಗೊತ್ತಾ? ಹಣೆಯ ನಾಮ ಒಂದೆಳೆ ಸೊಟ್ಟ ಆಯ್ತು ಅಂತ ಒರೆಸಿ ಮತ್ತೆ ಬರೆದ. ಅದೆಲ್ಲ ನಿನ್ನ ಅರ್ಧ ಸೆಕೆಂಡಲ್ಲಿ ಅಳಿಸಿ ಹೋಯ್ತು. ಮಗನ ಫೋಟೊದಲ್ಲಿ ಮಗನ ಮುಖ ಬೇಡ್ವಾ?

ಪೃಥ್ವಿ: ಫ್ಲ್ಯಾಶ್ ಹೊಡೆಯುವ ಹೊತ್ತಿಗೆ ಭಾವ ಆಚೆ ತಿರುಗಿದ್ದ. ನಿಜ. ಆದರೆ ಮಂಡಿ ಹಾಕುವಾಗ ಜನ ಮುಖ ನೋಡ್ತಾರಾ ಅತ್ತೆ? ಸುತ್ತು ನೋಡ್ತಾರೆ. ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಲ್ಲಿ ನಿಲ್ಲಿಸಿ ತೆಗೆದರೆ ಯಾರೋ ಮಂಡಿಯೂರಿ ಬಿದ್ದದ್ದನ್ನು ಹುಡುಕುತ್ತಿರುವ ಹಾಗೆ ಇರುತ್ತೆ. ಅಂಥದೂ ತೆಗೆದಿದ್ದೇನೆ, ಹಾಕಲಾ?

ಗಣಪಣ್ಣ: ಹಾಕು ಹಾಕು 😂

ಅನು ಅಕ್ಕ: ನನಗೆ ಇಷ್ಟ ಆಯ್ತು ಕಣೋ. ಮುಂದಿನ ಸಲ ಸ್ಟೀಲ್ ವುಲ್ (ಕಬ್ಬಿಣದ ನಾರಿನ ಉಂಡೆ) ಹೊತ್ತಿಸಿ ಸುತ್ತಿಸಿ ತೆಗಿ. ಕಿಡಿ ಎಲ್ಲ ಉಂಗುರವಾಗಿ ಬರುತ್ತೆ. ಬೆಂಗಳೂರಲ್ಲಿ ಸ್ನೇಹಿತರು ತೆಗೆದದ್ದು ನೋಡಿದ್ದೆ.

ಅಮ್ಮ: ಆ ಕಿಡಿ ಅಂದರೆ ಉರಿಯೋ ಕಬ್ಬಿಣ. ಅಂಗಳದಲ್ಲಿ ಅಡಿಕೆ ಚಪ್ಪರ, ಪಕ್ಕದಲ್ಲಿ ಒಣ ಸೋಗೆ, ಹಿಂದೆ ಸೊಪ್ಪಿನ ಬೆಟ್ಟ. ಈ ಮನೆಯಲ್ಲಿ ಅದು ಆಗದ ಮಾತು.

ಪೃಥ್ವಿ: ಮಳೆಗಾಲದಲ್ಲಿ ಒದ್ದೆ ಗದ್ದೆ ಬಯಲಲ್ಲಿ...

ಅಮ್ಮ: ಮಳೆಗಾಲದಲ್ಲೂ ಬೇಡ.

ವಿನಾಯಕ ಭಾವ: ಈಗ ನೋಡಿದೆ. ವೇಷ ಹಾಕಿದವನನ್ನು ಯಾರೂ ಕೇಳಲಿಲ್ಲವಲ್ಲ? ಫೋಟೊ ನನಗೆ ಇಷ್ಟ. ಸುತ್ತುವಾಗ ನನಗೆ ಒಳಗೆ ಹೀಗೇ ಅನ್ನಿಸುತ್ತೆ, ದೀಪ ಎಲ್ಲ ಒಂದೇ ಗೆರೆ. ಆದರೆ ಆ ಫ್ಲ್ಯಾಶ್ ಮಾತ್ರ ಬೇಡ ಪೃಥ್ವಿ. ನಾಲ್ಕನೇ ಸುತ್ತಿಗೆ ಅದು ಕಣ್ಣಿಗೆ ಹೊಡೆದು, ಎದ್ದ ಮೇಲೆ ಭಾಗವತರು ಯಾವ ಕಡೆ ಅಂತ ಒಂದು ಕ್ಷಣ ಗೊತ್ತಾಗಲಿಲ್ಲ. ತಾಳ ಕೇಳಿಕೊಂಡು ಸರಿ ಮಾಡಿಕೊಂಡೆ.

ಸುಮತ್ತೆ: ಇದನ್ನು ಮನೆಯಲ್ಲಿ ಹೇಳಲೇ ಇಲ್ಲ ನೀನು!

ಪೃಥ್ವಿ: ಹಾಗಾದರೆ ಆಟದಲ್ಲಿ ಇನ್ನು ಫ್ಲ್ಯಾಶ್ ಹಾಕಲ್ಲ ಭಾವ. ರಂಗದ ಲೈಟಿನಲ್ಲೇ ಶಟರ್ ಸೆಕೆಂಡಿನ ಹದಿನೈದರಲ್ಲಿ ಒಂದು ಪಾಲಿಗೆ ಇಟ್ಟು, ನೀನು ಓಡಿ ಬರುವಾಗ ಕ್ಯಾಮೆರಾವನ್ನೂ ನಿನ್ನ ಜೊತೆಗೇ ತಿರುಗಿಸ್ತೇನೆ. ಆಗ ಹಿಂದಿನ ಪರದೆ ಹರಡುತ್ತೆ, ಮುಖ ತಕ್ಕಮಟ್ಟಿಗೆ ನಿಲ್ಲುತ್ತೆ. ಅತ್ತೆಗೂ ಸಮಾಧಾನ. ಸುಮಾರು ಫೋಟೊ ಹಾಳಾಗುತ್ತೆ, ಒಂದೋ ಎರಡೋ ಸಿಗುತ್ತೆ.

ವಿನಾಯಕ ಭಾವ: ಅದಕ್ಕಿಂತ ಒಂದು ದಿನ ದೊಂದಿ ಬೆಳಕಲ್ಲಿ ಅಭ್ಯಾಸ ಇಟ್ಟುಕೊಳ್ಳೋಣ. ಹಿಂದೆ ಆಟ ನಡೀತಿದ್ದದ್ದೇ ಆ ಬೆಳಕಲ್ಲಿ. ನಿನ್ನ ಶಟರಿಗೂ ಕತ್ತಲೆ ಬೇಕಲ್ಲ.

ದೊಡ್ಡಪ್ಪ: ಅದಕ್ಕೆ ನಾನೂ ಬರ್ತೇನೆ.

ಅಮ್ಮ: ದೊಂದಿಯೂ ಬೆಂಕಿಯೇ. ಚಪ್ಪರದ ಅಡಿಕೆ ಒಳಗೆ ಹೋಗಲಿ, ಸೋಗೆ ತೆಗೀರಿ, ಎರಡು ಕೊಡ ನೀರು ಇಟ್ಟುಕೊಳ್ಳಿ. ಆಮೇಲೆ ಹಚ್ಚಿ.

ಸುಮತ್ತೆ: ಜಗಲಿಗೆ ಚೌಕಿಯಲ್ಲಿ ತೆಗೆದ ಫೋಟೊ. ಸುತ್ತಿದ್ದು ಮಹಡಿಗೆ. ಪೃಥ್ವಿ, ಎರಡಕ್ಕೂ ಕಟ್ಟು ಹಾಕಿಸು, ದುಡ್ಡು ನಾನು ಕೊಡ್ತೇನೆ.