ಹುಕ್ಕಾ, ಗುಡುಗುಡಿ, ಶೀಶಾ: ಸಮೀಕ್ಷೆಯಲ್ಲಿ ಯಾವ ಪದ ಕೇಳುವುದು?

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಕನ್ನಡ ಮನೆಗಳಲ್ಲಿ ಕೇಳಲಿಕ್ಕೆಂದು ತಂಬಾಕು ಬಳಕೆಯ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬೀಡಿ, ಸಿಗರೇಟು, ಎಲೆಯಡಿಕೆಗೆ ಹಾಕುವ ಹೊಗೆಸೊಪ್ಪು, ಇವಕ್ಕೆ ಪದದ ತೊಂದರೆ ಇಲ್ಲ. ಸಿಕ್ಕಿಬಿದ್ದಿರುವುದು ವಾಟರ್‌ಪೈಪ್‌ನಲ್ಲಿ, ಅಂದರೆ ತಂಬಾಕಿನ ಹೊಗೆಯನ್ನು ನೀರಿನೊಳಗಿಂದ ಎಳೆದು ಸೇದುವ ಸಾಧನದಲ್ಲಿ. ಹಳೆಯ ಕರಡಿನಲ್ಲಿ ‘ಜಲನಳಿಕೆ ಧೂಮಪಾನ’ ಎಂದಿದೆ. ಬದಿಯಡ್ಕ, ಪೆರ್ಲದ ಕಡೆಯ ಕೃಷಿಕರಿಗೆ ಇದನ್ನು ಓದಿ ಹೇಳಿದರೆ ತೋಟಕ್ಕೆ ನೀರು ಬಿಡುವ ಪೈಪೇ ನೆನಪಾಗುತ್ತದೆ.

ಇಲ್ಲಿ ಬಾಯಲ್ಲಿ ಇರುವ ಪದಗಳು ಬೇರೆ. ವಯಸ್ಸಾದವರು ಗುಡುಗುಡಿ ಅನ್ನುತ್ತಾರೆ. ಹೊಗೆ ನೀರಿನೊಳಗಿಂದ ಬರುವಾಗಿನ ಸದ್ದೇ ಅದರ ಹೆಸರು. ಹುಕ್ಕಾ ಎಲ್ಲರಿಗೂ ಗೊತ್ತು, ಆದರೆ ನವಾಬರ ಕಾಲದ ವಸ್ತು ಎಂಬ ಭಾವನೆ. ಗಲ್ಫ್‌ನಲ್ಲಿ ದುಡಿದು ಬಂದವರು, ಅವರ ಮಕ್ಕಳು ಹೇಳುವುದು ಶೀಶಾ. ‘ಹುಕ್ಕಾ ಸೇದುತ್ತೀರಾ?’ ಅಂದರೆ ‘ಇಲ್ಲಪ್ಪ’ ಎನ್ನುವ ಹುಡುಗನೇ, ಶೀಶಾ ಅಂದರೆ ‘ಓ ಅದಾ, ಫ್ರೆಂಡ್ಸ್ ಸೇರಿದಾಗ ಒಮ್ಮೊಮ್ಮೆ’ ಅನ್ನಬಹುದು. ಒಂದೇ ಪದ ಕೇಳಿದರೆ ಲೆಕ್ಕವೇ ತಪ್ಪುತ್ತದೆ, ಅಲ್ವಾ?

ಇನ್ನೊಂದು ತೊಡಕು: ವಾಟರ್‌ಪೈಪ್ ಎಂಬ ಹೆಸರು ಒಂದಾದರೂ ವಸ್ತು ಒಂದೇ ಅಲ್ಲ. ಹರಿಯಾಣದ ಹಳ್ಳಿಯಲ್ಲಿ ಹಿರಿಯರು ಕಟ್ಟೆಯಲ್ಲಿ ಕೂತು ಸೇದುವ ಹುಕ್ಕಾಕ್ಕೂ, ಬೆಲ್ಲದ ಪಾಕದಂಥ ಸಿಹಿ, ಹಣ್ಣಿನ ಪರಿಮಳ ಬೆರೆಸಿದ ಮುಅಸ್ಸಲ್ ಎಂಬ ತಂಬಾಕು ತುಂಬಿಸುವ ಶೀಶಾಕ್ಕೂ ತುಂಬ ಅಂತರ. ಶೀಶಾ ಎಳೆಯರ ಕೈಗೆ ಹೋದದ್ದು 1990ರ ದಶಕದಲ್ಲಿ ಈ ಮುಅಸ್ಸಲ್ ಹರಡಿದ ಮೇಲೆ. ವಿಯೆಟ್ನಾಂನಲ್ಲಿ ಬಿದಿರಿನ ಕೊಳವೆ. ಅಲ್ಲಿ 2010ರ ಸಮೀಕ್ಷೆಯಲ್ಲಿ ಗಂಡಸರಲ್ಲಿ ಶೇ. 13ರಷ್ಟು ಮಂದಿ ಹೀಗೆ ಸೇದುತ್ತಿದ್ದರು, ಹೆಂಗಸರು ಇಲ್ಲವೆನ್ನುವಷ್ಟು ಕಡಿಮೆ. ದಕ್ಷಿಣ ಇರಾನಿನಲ್ಲಾದರೆ ಹೆಂಗಸರೂ ಸೇದುತ್ತಾರೆ, ಅಲ್ಲಿ ಅದು ಕಲ್ಯಾನ್. ಲೆಬನಾನಿನವರ ನರ್ಗಿಲೆಗೆ ಮೂಲ ಪರ್ಷಿಯನ್ ಭಾಷೆಯ ನಾರ್ಗೀಲ್, ಅಂದರೆ ತೆಂಗಿನಕಾಯಿ, ನಮ್ಮ ನಾರಿಕೇಳದ ನೆಂಟ. ಮೊದಲು ನೀರು ತುಂಬಿಸುತ್ತಿದ್ದದ್ದು ಚಿಪ್ಪಿನಲ್ಲೇ. ನಮ್ಮ ಮಲಬಾರಿನ ಕೊಯಿಲಾಂಡಿಯಿಂದ ಹಿತ್ತಾಳೆ ಹುಕ್ಕಾಗಳು ಅರಬರ ನಾಡಿಗೆ ಹೋಗಿವೆ.

ಹಾಗಾಗಿ ನನ್ನ ಆಯ್ಕೆ: ‘ಹುಕ್ಕಾ (ಗುಡುಗುಡಿ, ಶೀಶಾ)’ ಎಂದು ಮೂರನ್ನೂ ಒಟ್ಟಿಗೆ ಕೊಟ್ಟು, ಚಿತ್ರವನ್ನೂ ತೋರಿಸುವುದು. ‘ಜಲ’ ಬೇಡವೇ ಬೇಡ. ನೀರಿನಲ್ಲಿ ತೊಳೆದು ಬರುವ ಹೊಗೆ ಎಂಬ ತಪ್ಪು ನಂಬಿಕೆ ಈಗಲೇ ಜಾಸ್ತಿ ಇದೆ. ನೀರು ಹೊಗೆಯನ್ನು ತಣ್ಣಗೆ ಮಾಡುತ್ತದೆ ಅಷ್ಟೇ. ನಿಕೋಟಿನ್, ಕೆಂಡದ ಕಾರ್ಬನ್ ಮೊನಾಕ್ಸೈಡ್ ಎರಡೂ ಒಳಗೆ ಹೋಗುತ್ತವೆ.

ಪ್ರಿವೆಲೆನ್ಸ್‌ಗೆ, ಅಂದರೆ ಒಟ್ಟು ಜನರಲ್ಲಿ ಶೇಕಡ ಎಷ್ಟು ಮಂದಿ ಬಳಸುತ್ತಾರೆ ಎಂಬ ಲೆಕ್ಕಕ್ಕೆ, ಕರಡಿನಲ್ಲಿ ‘ವ್ಯಾಪಕತೆ’ ಇದೆ. ನನಗೆ ಒಪ್ಪಿಗೆಯಿಲ್ಲ. ಭಾರತದ 2016-17ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಬೀಡಿ ಶೇ. 7.7, ಹುಕ್ಕಾ ಶೇ. 0.7. ಸಾವಿರಕ್ಕೆ ಏಳು ಜನ ಮಾಡುವುದನ್ನು ವ್ಯಾಪಕ ಎನ್ನುವುದು ಹೇಗೆ? ‘ಹರಡುವಿಕೆ’ ಅಂದರೆ ಹೆಚ್ಚುತ್ತಾ ಹೋಗುತ್ತಿದೆ ಎಂಬ ಅರ್ಥ ಬರುತ್ತದೆ. ‘ಬಳಕೆಯ ಪ್ರಮಾಣ’ ಸಾಕು ಅನ್ನಿಸುತ್ತದೆ.

ಕ್ರಿಯಾಪದ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ನಮ್ಮಲ್ಲಿ ಬೀಡಿ ‘ಎಳೆಯುವುದೂ’ ಇದೆ, ‘ಸೇದುವುದೂ’ ಇದೆ. ಶೀಶಾಕ್ಕೆ ‘ಹೊಡೆಯುವುದು’ ಎನ್ನುವವರೂ ಇದ್ದಾರೆ. ಅಕ್ಕಲಕೋಟೆ, ಸೊಲ್ಲಾಪುರ, ಆದವಾನಿ, ಹೊಸೂರು ಕಡೆಯವರು ಏನು ಹೇಳುತ್ತೀರಿ? ಗುಡುಗುಡಿ ಪದ ನಿಮ್ಮ ಊರಿನ ಎಳೆಯರಿಗೂ ಗೊತ್ತಿದೆಯಾ? ದಯವಿಟ್ಟು ಊರಿನ ಹೆಸರು ಸೇರಿಸಿ ಬರೆಯಿರಿ.