‘ಬ್ಲ್ಯಾಕ್‌ಪೂಲ್’ ಧಾರಾವಾಹಿಯ ಹಾಡುಗಳ ರೀತಿಯನ್ನು ನಮ್ಮ ರಂಗಕ್ಕೆ ತರುವುದು ಹೇಗೆ?

ಪ್ರಶ್ನೆ: ವರದಾತೀರ, ಸಾಗರ

ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿಯ ಹವ್ಯಾಸಿ ತಂಡ. ಅಡಿಕೆ ಕೊಯ್ಲು ಮುಗಿದು, ಸುಲಿದು ಬೇಯಿಸಿದ್ದೆಲ್ಲ ಒಣಗಿ ಚೀಲ ಸೇರಿದ ಮೇಲೆ ವರ್ಷಕ್ಕೊಂದು ನಾಟಕ ಆಡುವುದು ನಮ್ಮ ರೂಢಿ. ಮುಂದಿನ ನಾಟಕ ಯಾವುದೆಂಬ ಚರ್ಚೆ ನಡೆದಿರುವಾಗಲೇ, ಆಷಾಢದ ಜಡಿಮಳೆಗೆ ಮನೆಯಿಂದ ಹೊರಬೀಳಲಾಗದೆ ಕುಳಿತಿದ್ದ ನಾನು 2004ರಲ್ಲಿ ಬಿಬಿಸಿ ಪ್ರಸಾರ ಮಾಡಿದ ‘ಬ್ಲ್ಯಾಕ್‌ಪೂಲ್’ ಎಂಬ ಆರು ಕಂತುಗಳ ಧಾರಾವಾಹಿಯನ್ನು ನೋಡಿದೆ. ಬರೆದವರು ಪೀಟರ್ ಬೋಕರ್.

ನೋಡದವರಿಗಾಗಿ ಕಥೆಯನ್ನು ಸ್ವಲ್ಪ ಹೇಳುತ್ತೇನೆ. ಇಂಗ್ಲೆಂಡಿನ ವಾಯವ್ಯ ಕರಾವಳಿಯ ಬ್ಲ್ಯಾಕ್‌ಪೂಲ್ ಪಟ್ಟಣದಲ್ಲಿ ನಾಣ್ಯ ಹಾಕಿ ಆಡುವ ಯಂತ್ರಗಳ ಅಂಗಡಿ ಇಟ್ಟಿರುವ ರಿಪ್ಲಿ ಹೋಲ್ಡನ್ ಎಂಬಾತನಿಗೆ ಅದನ್ನು ಕ್ಯಾಸಿನೊ ಹೋಟೆಲ್ಲಾಗಿ ಬೆಳೆಸುವ ಹುಚ್ಚು. ಆ ಅಂಗಡಿಯಲ್ಲೇ ಒಬ್ಬ ಯುವಕನ ಹೆಣ ಸಿಗುತ್ತದೆ. ತನಿಖೆಗೆ ಬಂದ ಪೊಲೀಸ್ ಅಧಿಕಾರಿ ಪೀಟರ್ ಕಾರ್ಲೈಲ್, ಸುದ್ದಿ ಹೊರಡಿಸಲೆಂದು ರಿಪ್ಲಿಯ ಹೆಂಡತಿ ನ್ಯಾಟಲಿಯ ಸ್ನೇಹ ಬೆಳೆಸಿ, ಕೊನೆಗೆ ತಾನೇ ಅವಳಲ್ಲಿ ಮನಸ್ಸು ಸಿಕ್ಕಿಸಿಕೊಳ್ಳುತ್ತಾನೆ. ಮಗ ದಾರಿ ತಪ್ಪಿದ್ದಾನೆ. ಮಗಳು ಅಪ್ಪನ ವಯಸ್ಸಿನವನೊಬ್ಬನನ್ನು ಒಲಿದು ಮನೆಗೇ ಕರೆತಂದಿದ್ದಾಳೆ. ಡೇವಿಡ್ ಮಾರಿಸ್ಸಿ, ಸಾರಾ ಪ್ಯಾರಿಶ್, ಡೇವಿಡ್ ಟೆನೆಂಟ್ ಮೂವರ ಅಭಿನಯವೂ ಸೊಗಸಾಗಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹಾಡು. ಮಾತು ನಡೆದಿರುವಂತೆಯೇ ಹಳೆಯ ಜನಪ್ರಿಯ ಹಾಡೊಂದರ ಮೂಲ ಧ್ವನಿಮುದ್ರಿಕೆ ಕೇಳಿಬರುತ್ತದೆ, ಪಾತ್ರಗಳು ಅದರೊಂದಿಗೆ ತಾವೂ ದನಿಗೂಡಿಸಿ ಕುಣಿಯುತ್ತವೆ, ಹಾಡು ಮುಗಿದೊಡನೆ ಏನೂ ಆಗದವರಂತೆ ತನಿಖೆ ಮುಂದುವರಿಯುತ್ತದೆ. ಕೊಲೆಯ ಕಥೆಯಲ್ಲಿ ಇದು ನಗೆಪಾಟಲಾಗಬೇಕಿತ್ತು, ಆಗಲಿಲ್ಲ. ಏಕೆ? ಇದೇ ರೀತಿಯನ್ನು ಕನ್ನಡ ನಾಟಕದಲ್ಲಿ ಬಳಸುವುದಾದರೆ ನಟರೇ ಹಾಡಬೇಕೇ, ಮುದ್ರಿಕೆಗೆ ತುಟಿ ಆಡಿಸಬೇಕೇ, ಅಥವಾ ಪಕ್ಕದಲ್ಲಿ ಮೇಳ ಕೂರಿಸಬೇಕೇ? ಬಲ್ಲವರು ತಿಳಿಸಬೇಕಾಗಿ ಕೋರಿಕೆ.

ಉತ್ತರ: ತುಂಗೆಯ ಓದುಗ, ತೀರ್ಥಹಳ್ಳಿ

ಈ ರೀತಿ ಬೋಕರ್ ಅವರಿಂದ ಆರಂಭವಾದದ್ದಲ್ಲ. 1978ರಲ್ಲಿ ಡೆನಿಸ್ ಪಾಟರ್ ಬರೆದ ‘ಪೆನ್ನೀಸ್ ಫ್ರಮ್ ಹೆವನ್’ ಎಂಬ ಬಿಬಿಸಿ ಧಾರಾವಾಹಿಯಲ್ಲಿ, ಹಾಡಿನ ಸ್ವರಲಿಪಿಯ ಹಾಳೆಗಳನ್ನು ಊರೂರಿಗೆ ಹೊತ್ತು ಮಾರುವ ಆರ್ಥರ್ ಎಂಬ ವ್ಯಾಪಾರಿಯ ಪಾತ್ರವನ್ನು ಬಾಬ್ ಹಾಸ್ಕಿನ್ಸ್ ಮಾಡಿದ್ದರು. ಮೊದಲ ಹಾಡಿಗೆ ಅವನು ಬಾಯಿ ತೆರೆದಾಗ ಹೊರಡುವುದು ಎಲ್ಸಿ ಕಾರ್ಲೈಲ್ ಎಂಬ ಗಾಯಕಿಯ ದನಿ. ಗಂಡಸಿನ ಬಾಯಿ, ಹೆಂಗಸಿನ ಕಂಠ. ನೋಡುವವನಿಗೆ ಕ್ಷಣಕಾಲ ಕಸಿವಿಸಿಯಾದರೂ, ಈ ಹಾಡು ಆರ್ಥರನದಲ್ಲ, ಅವನು ಆಸೆಪಟ್ಟು ಎರವಲು ತಂದದ್ದು ಎಂಬುದು ಒಂದೇ ಏಟಿಗೆ ಮನಸ್ಸಿಗೆ ಹತ್ತುತ್ತದೆ. ಅದೇ ಲೇಖಕರ 1986ರ ‘ದ ಸಿಂಗಿಂಗ್ ಡಿಟೆಕ್ಟಿವ್’ ಈ ವಿಧಾನವನ್ನು ಆಸ್ಪತ್ರೆಯ ಹಾಸಿಗೆಯವರೆಗೂ ಒಯ್ದಿತು.

ಪಾಟರ್ ಅವರ ಪಾತ್ರಗಳು ತುಟಿ ಮಾತ್ರ ಆಡಿಸುತ್ತವೆ. ‘ಬ್ಲ್ಯಾಕ್‌ಪೂಲ್’ನಲ್ಲಿ ಮೂಲ ಗಾಯಕರ ದನಿಯ ಅಡಿಯಲ್ಲಿ ನಟರ ಹದವಿಲ್ಲದ ದನಿಯೂ ಕೇಳಿಸುತ್ತದೆ. ಬಚ್ಚಲುಮನೆಯಲ್ಲಿ ರೇಡಿಯೊದ ಜೊತೆ ಹಾಡುವವನ ದನಿ ಅದು. ರಿಪ್ಲಿ ತನ್ನನ್ನು ಎಲ್ವಿಸ್ ಪ್ರೀಸ್ಲಿಯೆಂದೇ ಭಾವಿಸಿದವನು. ಅವನ ಕನಸಿಗೂ ಯೋಗ್ಯತೆಗೂ ಇರುವ ದೂರವನ್ನು ಆ ಎರಡು ದನಿಗಳ ನಡುವಿನ ಅಂತರವೇ ಹೇಳಿಬಿಡುವುದರಿಂದ, ನಮಗೆ ನಗು ಬಂದರೂ ಅದರ ಹಿಂದೆಯೇ ಅಯ್ಯೋ ಎನಿಸುತ್ತದೆ. ನಗೆಪಾಟಲಾಗಲಿಲ್ಲವೇಕೆ ಎಂಬುದಕ್ಕೆ ನನಗೆ ತೋರುವ ಉತ್ತರ ಇಷ್ಟೇ.

ಉತ್ತರ: ಮದ್ದಳೆಮನೆ, ಹೊಸನಗರ

ಹಿಂದಿನವರು ಹೇಳಿದ್ದನ್ನು ಒಪ್ಪುತ್ತಲೇ ಒಂದು ಮಾತು ಸೇರಿಸುತ್ತೇನೆ. ರಿಪ್ಲಿಯೂ ಕಾರ್ಲೈಲನೂ ಮುಖಾಮುಖಿಯಾಗುವಾಗ ಬರುವುದು ನ್ಯಾನ್ಸಿ ಸಿನಾತ್ರಾ ಹಾಡಿದ ‘ದೀಸ್ ಬೂಟ್ಸ್ ಆರ್ ಮೇಡ್ ಫಾರ್ ವಾಕಿನ್’. ಮೋಸ ಮಾಡಿದ ಗಂಡಸಿಗೆ ಹೆಂಗಸು ಹಾಕುವ ಬೆದರಿಕೆ ಅದು. ಇಲ್ಲಿ ಅದನ್ನು ಒಬ್ಬರಿಗೊಬ್ಬರು ಹಾಕಿಕೊಳ್ಳುವವರು ಇಬ್ಬರು ಗಂಡಸರು. ನಾನು ಮತ್ತೆ ಮತ್ತೆ ನೋಡಿದ್ದು ಈ ದೃಶ್ಯವನ್ನೇ. ವೈರಿಗಳಿಬ್ಬರಿಗೂ ಬೇರೆ ಬೇರೆ ಹಾಡಿಲ್ಲ, ಒಂದೇ ಹಾಡಿದೆ, ಒಂದೇ ಕಂಠವಿದೆ.

ಮಲೆನಾಡಿನವರಿಗೆ ಇದು ಹೊಸತೇನೂ ಅಲ್ಲ. ‘ಕೃಷ್ಣಾರ್ಜುನ ಕಾಳಗ’ ಪ್ರಸಂಗವನ್ನು ನೆನೆಯಿರಿ. ಗಯನೆಂಬ ಗಂಧರ್ವನ ತಲೆ ತೆಗೆಯುವೆನೆಂದು ಕೃಷ್ಣನ ಶಪಥ, ಕಾಯುವೆನೆಂದು ಅರ್ಜುನನ ಅಭಯ, ಅಣ್ಣನಿಗೂ ಗಂಡನಿಗೂ ನಡುವೆ ಸಿಕ್ಕಿಬಿದ್ದ ಸುಭದ್ರೆ. ಮನೆಯೊಳಗಿನ ಜಗಳವೇ ಯುದ್ಧವಾಗುವ ಕಥೆ ಅದು. ಅಲ್ಲಿ ಕೃಷ್ಣನ ಪದ್ಯವನ್ನೂ ಅರ್ಜುನನ ಪದ್ಯವನ್ನೂ ಹಾಡುವವರು ಅದೇ ಭಾಗವತರು; ಸುಭದ್ರೆಯ ಅಳಲಿಗೂ ಅದೇ ಕಂಠ. ಮಳೆಗಾಲದ ತಾಳಮದ್ದಳೆಯಲ್ಲಿ ವೇಷವೂ ಕುಣಿತವೂ ಇಲ್ಲದೆ ಎದುರುಬದುರು ಕುಳಿತ ಅರ್ಥಧಾರಿಗಳು ಮಾತಿನಲ್ಲಿ ಒಬ್ಬರನ್ನೊಬ್ಬರು ಸೀಳುತ್ತಿರುವಾಗ, ಭಾಗವತರು ಮುಂದಿನ ಪದ್ಯ ಎತ್ತಿಕೊಂಡೊಡನೆ ಇಬ್ಬರೂ ತೆಪ್ಪಗಾಗಿ ಅದೇ ತಾಳಕ್ಕೆ ಬೆರಳು ಬಡಿಯುವುದನ್ನು ನೀವು ನೋಡಿಯೇ ಇರುತ್ತೀರಿ. ಇವರು ವೈರಿಗಳಾದರೂ ಒಂದೇ ಮನೆಯವರು ಎಂಬುದನ್ನು ಪ್ರಸಂಗಕರ್ತ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಆದ್ದರಿಂದ ನನ್ನ ಸಲಹೆ: ಪಕ್ಕದಲ್ಲಿ ಮೇಳ ಬೇಡ, ಒಬ್ಬರೇ ಹಾಡುಗಾರರನ್ನು ಎಲ್ಲರಿಗೂ ಕಾಣುವಂತೆ ಕೂರಿಸಿ, ಎಲ್ಲ ಪಾತ್ರಗಳಿಗೂ ಅವರೇ ಹಾಡಲಿ. ಚಂಡೆಯನ್ನು ಮಾತ್ರ ದಯವಿಟ್ಟು ತರಬೇಡಿ. ಅದು ಬಂದರೆ ಜನ ವೇಷಕ್ಕಾಗಿ ಕಾಯುತ್ತಾರೆ.

ಉತ್ತರ: ಗಾಂಧಿಬಜಾರ್, ಶಿವಮೊಗ್ಗ

ಭಾಗವತರ ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧಕ್ಕೆ ನಿಲ್ಲುತ್ತದೆ. ಪ್ರಸಂಗದ ಪದ್ಯ ಆ ಪ್ರಸಂಗಕ್ಕೆಂದೇ ರಚಿತವಾದದ್ದು. ‘ಬ್ಲ್ಯಾಕ್‌ಪೂಲ್’ನ ಹಾಡುಗಳು ಪ್ರೇಕ್ಷಕರು ಮದುವೆಮನೆಯಲ್ಲಿ, ಬಸ್ಸಿನಲ್ಲಿ ಕೇಳಿ ಕೇಳಿ ತಮ್ಮದಾಗಿಸಿಕೊಂಡವು. ಪಿ.ಬಿ. ಶ್ರೀನಿವಾಸ್ ಅವರ ಕಂಠವನ್ನು ನಾವು ರಾಜ್‌ಕುಮಾರ್ ಅವರದೆಂದೇ ಬಹುಕಾಲ ನಂಬಿದ್ದೆವು. 1974ರ ‘ಸಂಪತ್ತಿಗೆ ಸವಾಲ್’ ಆದ ಮೇಲೆ ರಾಜ್ ಅವರ ಸ್ವಂತ ಕಂಠವನ್ನೂ ಅಷ್ಟೇ ಸಲೀಸಾಗಿ ಒಪ್ಪಿಕೊಂಡೆವು. ಎರವಲು ದನಿಯನ್ನು ನಂಬುವ ಅಭ್ಯಾಸ ನಮಗೆ ಇಂಗ್ಲಿಷರಿಗಿಂತ ಹೆಚ್ಚೇ ಇದೆ. ಹೊಸ ಹಾಡು ಕಟ್ಟಿಸಿದರೆ ಈ ಬಂಡವಾಳ ಕೈಬಿಟ್ಟಂತೆ.

ಇನ್ನೊಂದು ವಿಷಯ ಊರಿನದು. ಲ್ಯಾಂಕಾಷೈರಿನ ಹತ್ತಿ ಗಿರಣಿಗಳು ಬೇಸಿಗೆಯಲ್ಲಿ ಒಂದೊಂದು ಊರಿನಲ್ಲಿ ಒಂದೊಂದು ವಾರ ಬಾಗಿಲು ಹಾಕುತ್ತಿದ್ದವು, ಕೆಲಸಗಾರರು ರೈಲು ಹತ್ತಿ ಬ್ಲ್ಯಾಕ್‌ಪೂಲಿಗೆ ಬರುತ್ತಿದ್ದರು. 1894ರಲ್ಲಿ ಅಲ್ಲಿ 518 ಅಡಿ ಎತ್ತರದ ಗೋಪುರ ಎದ್ದದ್ದು ಆ ಜನಸಂದಣಿಯನ್ನು ನಂಬಿ. ಗಿರಣಿಗಳು ಮುಚ್ಚಿ, ಅಗ್ಗದ ವಿಮಾನಗಳು ಜನರನ್ನು ಸ್ಪೇನಿಗೆ ಒಯ್ದ ಮೇಲೆ ಊರು ಸೊರಗಿತು. ಧಾರಾವಾಹಿ ಬಂದಾಗ ದೊಡ್ಡ ಕ್ಯಾಸಿನೊ ತಮ್ಮಲ್ಲಿಗೇ ಬರುತ್ತದೆಂಬ ಆಸೆ ಅಲ್ಲಿ ನಿಜವಾಗಿಯೂ ಇತ್ತು. 2007ರ ಜನವರಿಯಲ್ಲಿ ಸರ್ಕಾರದ ಸಲಹಾ ಸಮಿತಿ ಅದಕ್ಕೆ ಮ್ಯಾಂಚೆಸ್ಟರನ್ನು ಶಿಫಾರಸು ಮಾಡಿತು. ಅದೇ ವರ್ಷ ಅಮೆರಿಕದ ಸಿಬಿಎಸ್ ವಾಹಿನಿ ಈ ಕಥೆಯನ್ನು ನೆವಾಡದ ಲಾಫ್ಲಿನ್ ಎಂಬ ಜೂಜಿನ ಊರಿಗೆ ಒಯ್ದು ‘ವಿವಾ ಲಾಫ್ಲಿನ್’ ಮಾಡಿ, ಎರಡೇ ಕಂತಿಗೆ ನಿಲ್ಲಿಸಿತು. ಕ್ಯಾಸಿನೊಗಳ ಸಾಲಿನಲ್ಲಿ ಇನ್ನೊಂದು ಕ್ಯಾಸಿನೊ ಕಟ್ಟುತ್ತೇನೆಂಬುವವನದು ಕನಸಲ್ಲ, ಬರೀ ವ್ಯಾಪಾರ ಎಂಬುದು ನನ್ನ ಎಣಿಕೆ.

ನಿಮ್ಮ ನಾಟಕದಲ್ಲಿ ಕ್ಯಾಸಿನೊ ತಂದರೆ ಅದೇ ಗತಿ. ಜಾತ್ರೆಯಲ್ಲಿ ಬಳೆ ಎಸೆಯುವ ಆಟದ ಅಂಗಡಿಯಿಂದ ಮೇಲೆ ಬಂದವನೊಬ್ಬ, ಶರಾವತಿ ಹಿನ್ನೀರಿನ ದಂಡೆಯಲ್ಲಿ ಇರುವ ಎರಡು ಕೋಣೆಯ ಹೋಂಸ್ಟೇಯನ್ನು ರೆಸಾರ್ಟ್ ಮಾಡಲು ಹೊರಟರೆ ನಮಗೆ ಅವನ ಗುರುತು ಹತ್ತುತ್ತದೆ. ಅಂಥವರು ನನಗೇ ಇಬ್ಬರು ಗೊತ್ತು.

ಉತ್ತರ: ಕಾಲುಪೆಟ್ಟಿಗೆ, ಸೊರಬ

ಸಣ್ಣ ಎಚ್ಚರಿಕೆ. ಹವ್ಯಾಸಿ ಸಂಘವು ಟಿಕೆಟ್ ಇಡದೆ ಪ್ರೇಕ್ಷಕರೆದುರು ಹಾಡನ್ನು ತಾನೇ ಪ್ರದರ್ಶಿಸುವುದಕ್ಕೆ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮಿನಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟರೆ ಅದು ಸಿಗದು, ಮೊದಲೇ ಅನುಮತಿ ಪಡೆಯಿರಿ. ಮುದ್ರಿಕೆಯನ್ನು ಹಾಕುವುದು ಬೇರೆಯೇ ಲೆಕ್ಕ. ಒಬ್ಬರು ಹಾಡುಗಾರರು, ಒಂದು ಹಾರ್ಮೋನಿಯಂ ಇದ್ದರೆ ಆ ತಕರಾರೂ ಇಲ್ಲ, ನಡುವೆ ಕರೆಂಟು ಹೋದರೂ ನಾಟಕ ನಿಲ್ಲುವುದಿಲ್ಲ.

ಪ್ರಶ್ನೆ ಕೇಳಿದವರು: ವರದಾತೀರ, ಸಾಗರ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ನಮ್ಮ ಮನೆಯ ಜಗಲಿಯಲ್ಲೇ ಒಂದು ದೃಶ್ಯವನ್ನು ಪರೀಕ್ಷಿಸಿ ನೋಡಿದೆವು. ಹೋಂಸ್ಟೇ ಮಾಲೀಕನೂ ತನಿಖೆಗೆ ಬಂದವನೂ ಒಂದು ಚಹಾದ ಲೋಟವನ್ನು ನಡುವೆ ಇಟ್ಟುಕೊಂಡು ಎದುರುಬದುರು ಕುಳಿತರು. ನಮ್ಮ ದೊಡ್ಡಪ್ಪ ಹಾರ್ಮೋನಿಯಂ ಹಿಡಿದು ಎಲ್ಲರಿಗೂ ಗೊತ್ತಿರುವ ಹಳೆಯ ಚಿತ್ರಗೀತೆಯೊಂದನ್ನು ಎತ್ತಿಕೊಂಡರು. ಇಬ್ಬರು ನಟರಿಗೂ ತುಟಿ ಮಾತ್ರ ಆಡಿಸಬೇಕೆಂದು ಹೇಳಿದ್ದೆ. ಪಲ್ಲವಿ ಚೆನ್ನಾಗಿಯೇ ನಡೆಯಿತು. ಎರಡನೆಯ ಚರಣದ ಹೊತ್ತಿಗೆ ದೊಡ್ಡಪ್ಪನವರಿಗೆ ಮಳೆಗಾಲದ ಕೆಮ್ಮು ಒತ್ತಿಬಂದು ಹಾಡು ನಿಂತಿತು, ಪೆಟ್ಟಿಗೆ ಮಾತ್ರ ನುಡಿಯುತ್ತಿತ್ತು. ನಟರಿಬ್ಬರಿಗೂ ನಿಲ್ಲಿಸಲು ತೋಚದೆ ತಮ್ಮ ತಮ್ಮ ದನಿಯಲ್ಲಿ ಸಾಲನ್ನು ಮುಂದುವರಿಸಿದರು. ಒಬ್ಬನದು ಒಂದು ಶ್ರುತಿ ಕೆಳಗೆ, ಇನ್ನೊಬ್ಬನದು ಮೇಲೆ. ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ಸುಮ್ಮನಿದ್ದ ನಮ್ಮ ‘ನ್ಯಾಟಲಿ’ ಆ ಲೋಟವನ್ನು ಎತ್ತಿಕೊಂಡು ಒಳಗೆ ನಡೆದುಬಿಟ್ಟಳು. ಅದು ನಾವು ಹೇಳಿಕೊಟ್ಟದ್ದಲ್ಲ. ದೊಡ್ಡಪ್ಪ ಅದೇ ಜಾಗದಲ್ಲಿ ಪ್ರತಿ ಸಲವೂ ಕೆಮ್ಮಲು ಒಪ್ಪಿದ್ದಾರೆ.