ಒಇಇ ಚೆನ್ನಾಗಿದೆ, ಡಿಸ್ಪ್ಯಾಚ್ ಮಾತ್ರ ಲೇಟು, ರಿಪೋರ್ಟಲ್ಲಿ ಏನು ನೋಡ್ಬೇಕು?

ಪೀಣ್ಯ_ಪ್ಲಾನರ್:
ಸಿಎನ್‌ಸಿ ಜಾಬ್ ಶಾಪಲ್ಲಿ (ಕಂಪ್ಯೂಟರ್ ನಡೆಸೋ ಮೆಷಿನಲ್ಲಿ ಆರ್ಡರ್ ಪ್ರಕಾರ ಪಾರ್ಟ್ ಮಾಡೋ ಕಡೆ) ಪ್ಲಾನಿಂಗ್ ನೋಡ್ಕೋತೀನಿ. ತಿಂಗ್ಳಿಗೊಂದ್ಸಲ ಇಆರ್‌ಪಿಯಿಂದ (ಆರ್ಡರ್, ಸ್ಟಾಕ್ ಎಲ್ಲ ಇರೋ ಕಂಪನಿ ಸಾಫ್ಟ್‌ವೇರ್) ದಪ್ಪ ರಿಪೋರ್ಟ್ ತೆಗೀತೀವಿ, ಒಇಇ (ಮೆಷಿನ್ ಎಷ್ಟು ಚೆನ್ನಾಗಿ ಬಳಕೆ ಆಗ್ತಿದೆ ಅನ್ನೋ ಶೇಕಡಾ ಲೆಕ್ಕ) 80ರ ಹತ್ರ ಇರತ್ತೆ, ಮೀಟಿಂಗಲ್ಲಿ ಎಲ್ರೂ ಖುಷಿ, ಆದ್ರೆ ಕಸ್ಟಮರ್ ದಿನಾ ಫೋನ್ ಮಾಡಿ ಮಾಲೆಲ್ಲಿ ಅಂತಾರೆ. ಮೆಷಿನ್ ನಿಂತಿಲ್ಲ, ಮಾಲೂ ಹೋಗ್ತಿಲ್ಲ. ಯಾವ ಇಂಡಿಕೇಟರ್ ನೋಡಿದ್ರೆ ನಿಜ ಗೊತ್ತಾಗತ್ತೆ?

ಟರ್ನಿಂಗ್_ಸೆಂಟರ್:
ಮೊದ್ಲು ಆ 80 ಹೆಂಗೆ ಬಂತು ನೋಡಿ. ಅವೈಲಬಿಲಿಟಿ (ಮೆಷಿನ್ ಓಡಿದ ಟೈಮು), ಪರ್ಫಾರ್ಮೆನ್ಸ್ (ಓಡಿದ ವೇಗ), ಕ್ವಾಲಿಟಿ (ಸರಿ ಬಂದ ಪೀಸು) ಮೂರನ್ನೂ ಗುಣಿಸಿದ್ರೆ ಒಇಇ, ಮೂರೂ 90 ಇದ್ರೂ ಬರೋದು 73 ಅಷ್ಟೇ. ದಿನಾ ಸೆಟ್ಟಿಂಗ್ ಬದಲಾಗೋ ಶಾಪಲ್ಲಿ 80 ಅಂದ್ರೆ ನಂಗೆ ಡೌಟು. ಸೆಟಪ್ ಟೈಮನ್ನ ಪ್ಲಾನ್ಡ್ ಸ್ಟಾಪ್ ಅಂತ ಲೆಕ್ಕದಿಂದ ತೆಗೆದಿರ್ತಾರೆ, ಇಲ್ಲಾಂದ್ರೆ ಸೈಕಲ್ ಟೈಮ್ (ಒಂದು ಪೀಸಿಗೆ ಹಿಡಿಯೋ ಟೈಮು) ಸಡಿಲವಾಗಿ ಫೀಡ್ ಮಾಡಿರ್ತಾರೆ. ಯಾವ್ದಾದ್ರೂ ಶಿಫ್ಟಲ್ಲಿ ಪರ್ಫಾರ್ಮೆನ್ಸ್ 100 ದಾಟಿದ್ರೆ ಆ ಸೈಕಲ್ ಟೈಮ್ ಅಥವಾ ಪೀಸ್ ಕೌಂಟ್ ನಂಬ್ಬೇಡಿ.

ಮಾಲು_ಹೊರಗೆ:
ಒಇಇ ಸರಿ ಇದ್ರೂ ಅದು ಹೇಳೋದು ಮೆಷಿನ್ ವಿಷ್ಯ, ಆರ್ಡರ್ ವಿಷ್ಯ ಅಲ್ಲ. ನಂಬರ್ ಏರಿಸ್ಬೇಕು ಅಂತ ಯಾರೂ ಕೇಳದ ಪಾರ್ಟನ್ನೂ ದೊಡ್ಡ ಬ್ಯಾಚಲ್ಲಿ ಓಡಿಸ್ತಾರೆ, ಅರ್ಜೆಂಟ್ ಇರೋದು ಹಿಂದೆ ಕ್ಯೂನಲ್ಲಿ ಕೂರತ್ತೆ. ಫ್ಲೋರಲ್ಲಿ 600 ಪೀಸ್ ಬಿದ್ದಿದೆ, ದಿನಕ್ಕೆ 50 ಹೊರಗೆ ಹೋಗತ್ತೆ ಅಂದ್ಕೊಳ್ಳಿ, ಒಂದು ಪೀಸ್ ಹೊರಗೆ ಬರೋಕೆ ಸರಾಸರಿ 12 ದಿನ ಬೇಕೇ ಬೇಕು. ಇದು ಲಿಟಲ್ಸ್ ಲಾ. ಸೇಲ್ಸ್‌ನೋರು 7 ದಿನ ಅಂತ ಮಾತು ಕೊಟ್ಟಿದ್ರೆ ಯಾವ ಮೆಷಿನ್ ತಾನೇ ಏನ್ ಮಾಡತ್ತೆ?

ಇನ್ನೊಂದು, ಆನ್ ಟೈಮ್ ಡೆಲಿವರಿನ ಮೊದಲು ಒಪ್ಕೊಂಡ ಡೇಟಿಗೇ ಅಳೀರಿ. ಇಆರ್‌ಪಿಯಲ್ಲಿ ಡ್ಯೂ ಡೇಟ್ ಎಡಿಟ್ ಮಾಡಿದ್ರೆ ಹಳೇದು ಅಳಿಸಿ ಹೋಗತ್ತಾ ಚೆಕ್ ಮಾಡಿ.

ಪೀಣ್ಯ_ಪ್ಲಾನರ್:
ಹೌದು ಸರ್, ಅಳಿಸಿ ಹೋಗತ್ತೆ! ಡೇಟ್ ಮುಂದೂಡಿದ ಆರ್ಡರೆಲ್ಲ ಆನ್ ಟೈಮ್ ಅಂತಾನೇ ತೋರಿಸ್ತಿದೆ. ಫ್ಲೋರಲ್ಲಿ ಸುತ್ತಾಡಿ ನೋಡ್ದೆ, ಜಾಸ್ತಿ ಟ್ರೇ ಇರೋದು ಸಿಎಂಎಂ (ಪಾರ್ಟಿನ ಅಳತೆ ಚೆಕ್ ಮಾಡೋ ಮೆಷಿನ್) ರೂಮಿನ ಬಾಗ್ಲಲ್ಲಿ, ಮೆಷಿನ್ ಹತ್ರ ಅಲ್ಲ. ಇನ್ಸ್‌ಪೆಕ್ಷನ್ನಿಗೆ ಕಾಯೋ ಟೈಮು ನಮ್ಮ ರಿಪೋರ್ಟಲ್ಲಿ ಎಲ್ಲೂ ಇಲ್ಲ.

ಎಕ್ಸ್‌ಬಾರ್:
ಹಾಗಿದ್ರೆ ಸಿಎಂಎಂ ಮುಂದೆ ಯಾವ ಟ್ರೇ ಎಷ್ಟು ದಿನದಿಂದ ಇದೆ ಅನ್ನೋ ಒಂದು ಪುಟದ ಲಿಸ್ಟ್ ದಿನಾ ಬೆಳಿಗ್ಗೆ ತೆಗೀರಿ, ಹಳೇದು ಮೇಲೆ ಬರ್ಲಿ. ವಾರದ ಲೀಡ್ ಟೈಮನ್ನ (ಆರ್ಡರ್ ಬಂದಾಗಿಂದ ಮಾಲು ಹೋಗೋವರೆಗಿನ ದಿನ) ಕಂಟ್ರೋಲ್ ಚಾರ್ಟಲ್ಲಿ (ಮಾಮೂಲಿ ಏರಿಳಿತಕ್ಕೆ ಮೇಲೆ ಕೆಳಗೆ ಲಿಮಿಟ್ ಗೆರೆ ಇರೋ ಗ್ರಾಫ್) ಹಾಕಿ, ಶೂಹಾರ್ಟ್ 1924ರಲ್ಲೇ ಕೊಟ್ಟ ವಿಧಾನ ಅದು. ಲಿಮಿಟ್ ಒಳಗಿನ ಏರಿಳಿತಕ್ಕೆಲ್ಲ ಸೂಪರ್‌ವೈಸರ್ ಹತ್ರ ಕಾರಣ ಕೇಳ್ಬೇಡಿ, ಕೇಳಿದ್ರೆ ಅವ್ರು ಏನೋ ಒಂದು ಬರೆದು ಕೊಡ್ತಾರೆ, ಆಮೇಲೆ ಆ ಡೇಟಾನೂ ಕೆಡತ್ತೆ.